ಅಪ್‌ಡೇಟ್: ಮುಗ್ಗರಿಸುವ ಮಗಳಿಗೆ ಸಮತೋಲನದ ಆಟಗಳು

ಎರಡು ವರ್ಷದ ಮಗಳು ಓಡುವಾಗ ಪದೇ ಪದೇ ಬೀಳುತ್ತಾಳೆ, ಡೊಂಬಿವಲಿಯ ಪುಟ್ಟ ಫ್ಲ್ಯಾಟಿನಲ್ಲಿ ಏನು ಆಡಿಸಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಗೆದ್ದದ್ದು ದಿಂಬಿನ ದಾರಿ. ದಿಂಬು, ಮಡಿಸಿದ ಚಾದರ, ಹಳೆಯ ರಜಾಯಿ ಸಾಲಾಗಿ ಹಾಸಿ ಬರಿಗಾಲಲ್ಲಿ ನಡೆಸುತ್ತೇವೆ. ಮೆತ್ತನೆಯ ನೆಲ ಪ್ರತಿ ಹೆಜ್ಜೆಗೂ ಕುಸಿಯುವುದರಿಂದ ಪಾದ, ಸೊಂಟ ಎರಡೂ ಕೆಲಸ ಮಾಡಲೇಬೇಕು. ಈಗ ಅವಳು ಕೈಯಲ್ಲಿ ಗೊಂಬೆ ಹಿಡಿದೇ ದಾಟುತ್ತಾಳೆ, ಬೀಳುವುದೂ ಕಡಿಮೆಯಾಗಿದೆ. ಜುಹೂ ಕಡಲತೀರದ ಒಣ ಮರಳು ಇದೇ ಪಾಠವನ್ನು ಪುಕ್ಕಟೆಯಾಗಿ ಹೇಳಿಕೊಡುತ್ತದೆ.

ಬಣ್ಣದ ಟೇಪಿನ ಗೆರೆಯ ಮೇಲೆ ನಡೆಸುವ ಸಲಹೆ ನಮ್ಮಲ್ಲಿ ಸಾಗಲಿಲ್ಲ. ಅವಳಿಗೆ ಟೇಪ್ ಕೀಳುವುದೇ ಆಟ! ಕುಂಟೆಬಿಲ್ಲೆ ಎಂದಾಗ ಮಕ್ಕಳ ವೈದ್ಯರು ನಕ್ಕರು: ಎರಡೂ ಕಾಲೆತ್ತಿ ಜಿಗಿಯುವುದೇ ಸುಮಾರು ಎರಡೂವರೆ ವರ್ಷಕ್ಕೆ, ಕುಂಟುವುದು ನಾಲ್ಕರ ಆಸುಪಾಸು. ಸದ್ಯಕ್ಕೆ ಕಪ್ಪೆಯಾಟ ಸಾಕಂತೆ. ಇನ್ನು ವಾಕರ್ ಕೊಳ್ಳಿ ಎಂದವರಿಗೆ ಒಂದು ಮಾತು: ಓಡುವ ಮಗುವಿಗೆ ಅದೇಕೆ? ಕೆನಡಾದಲ್ಲಂತೂ 2004ರಿಂದ ಅದರ ಮಾರಾಟವೇ ನಿಷಿದ್ಧ.

ನನಗೆ ಅಚ್ಚರಿಯೆನಿಸಿದ್ದು ಕಿವಿಯ ವಿಚಾರ. ತಲೆ ಅಲುಗುವುದನ್ನು, ತಿರುಗುವುದನ್ನು ಗುರುತಿಸುವ ಅಂಗ ಒಳಕಿವಿಯಲ್ಲಿದೆ. ಹಾಗಾಗಿ ಉಯ್ಯಾಲೆ, ಗಿರಗಿರನೆ ಸುತ್ತುವುದು ಸಹ ಸಮತೋಲನದ ಅಭ್ಯಾಸವೇ. ಅತ್ತೆಯವರು ಇದನ್ನು ಕೇಳಿ, ‘ತೊಟ್ಟಿಲು ತೂಗಿದ್ದು ಮತ್ತೇನಕ್ಕೆ?’ ಎಂದುಬಿಟ್ಟರು.

ಟೈಲ್ಸ್ ನೆಲದ ಮೇಲೆ ದಿಂಬು ಜಾರುತ್ತದೆ, ಕೆಳಗೆ ಯೋಗದ ಚಾಪೆ ಹಾಸಿಕೊಳ್ಳಿ.