ಟ್ರೋಲಿಂಗ್‌ಗೆ ದೋಣಿ ಎಷ್ಟು ಸ್ಪೀಡ್ ಇರಬೇಕು? ಅನುಭವ ಇದ್ದವರು ಹೇಳಿ

ದಾವಣಗೆರೆ ಹೊಸಬ: ಡಿಸೆಂಬರ್‌ನಲ್ಲಿ ನಾವು ಮೂವರು ಮಲ್ಪೆಗೆ ಹೊರಟಿದ್ದೇವೆ. ಬಾಡಿಗೆ ದೋಣಿ, 9.9 ಎಚ್‌ಪಿ ಇಂಜಿನ್. ಟ್ರೋಲಿಂಗ್ ಮಾಡಿ, ಅಂದ್ರೆ ಓಡುವ ದೋಣಿಯ ಹಿಂದೆ ಲೂರ್ (ಗಾಳದ ನಕಲಿ ಮೀನು) ಎಳೆದು, ಅಂಜಲ್ ಮೀನು ಹಿಡಿಯೋ ಆಸೆ. ಎಷ್ಟು ನಾಟ್ (ಒಂದು ನಾಟ್ ಅಂದ್ರೆ ಗಂಟೆಗೆ ಸುಮಾರು 1.85 ಕಿ.ಮೀ.) ಸರಿ?

ಪಿ.ಜೆ. ಬಡಾವಣೆ: ಹೋದ ವರ್ಷ ಇದಕ್ಕೇ ನನ್ನ 14,600 ರೂಪಾಯಿ ಹೋಯಿತು. ದೋಣಿಗೆ 6,000, ಅದರ ಪೆಟ್ರೋಲ್ 2,300, ಕಾರಿನ ಡೀಸೆಲ್ 3,200, ಲೂರ್ ಎರಡಕ್ಕೆ 1,900, ರೂಮಿಗೆ 1,200. ಜೋರಾಗಿ ಹೋದರೆ ಜಾಸ್ತಿ ಜಾಗ ಸುತ್ತಬಹುದು ಅಂತ ದೋಣಿಯವರು 9 ನಾಟ್‌ನಲ್ಲಿ ಓಡಿಸಿದರು. ಆಳಕ್ಕೆ ಇಳಿಯಬೇಕಾದ ಲೂರ್ ಮಗುಚಿಕೊಂಡು ಗಿರಗಿರ ತಿರುಗಿ ಮೇಲೆ ಬಂತು, ಎರಡೂ ಲೈನ್ ಹೆಣೆದುಕೊಂಡವು, ಬಿಡಿಸೋಕೇ ಮುಕ್ಕಾಲು ಗಂಟೆ. ಮಧ್ಯಾಹ್ನ ವೇಗ 5 ನಾಟ್‌ಗೆ ಇಳಿಸಿದ ಮೇಲೆ ಲೂರ್ ಸರಿಯಾಗಿ ಅಲ್ಲಾಡಿ, ಗಾಳದ ರಾಡ್ ತುದಿ ಒಂದೇ ಸಮ ನಡುಗೋಕೆ ಶುರುವಾಯಿತು. ಅರ್ಧ ಗಂಟೆಗೆ ಮೂರೂವರೆ ಕೆಜಿ ಅಂಜಲ್. 5 ನಾಟ್. ಮುಗೀತು.

ಹಿರಿಯೂರಿನವನು: ಮುಗೀತು ಅಂದ್ರೆ ಹೇಗಣ್ಣ? ಜಿಪಿಎಸ್ ತೋರಿಸೋ ವೇಗದಲ್ಲಿ ನೀರಿನ ಸೆಳೆತ ಗೊತ್ತಾಗಲ್ಲ. ಒಂದೂವರೆ ನಾಟ್ ಸೆಳೆತ ಎದುರಿಗಿದ್ದರೆ ನಿಮ್ಮ 5 ಲೂರ್‌ಗೆ ಆರೂವರೆ ಆಗುತ್ತೆ, ಸೆಳೆತದ ಜೊತೆಗೇ ಹೋದರೆ ಬರೀ ಮೂರೂವರೆ. ಕಾರವಾರದಲ್ಲಿ ನಾನು ಇಡೀ ದಿನ 5 ಬಿಟ್ಟು ಕದಲಲಿಲ್ಲ. ಹೋಗುವಾಗ ಎರಡು ಸಲ ಮೀನು ಹೊಡೆಯಿತು, ಬರುವಾಗ ಒಂದೂ ಇಲ್ಲ. ಎಷ್ಟು ಬೇಜಾರಾಗಿತ್ತು ಅಂದ್ರೆ ರಾತ್ರಿ ಊಟ ಸೇರಲಿಲ್ಲ. ಈಗ ಮೊದಲು ಲೂರನ್ನು ದೋಣಿ ಪಕ್ಕದಲ್ಲೇ ಬಿಟ್ಟು ನೋಡುತ್ತೇನೆ. ಅದು ಚೆನ್ನಾಗಿ ಅಲ್ಲಾಡುವ ವೇಗವೇ ನನ್ನ ವೇಗ. ಆಮೇಲೆ ದೋಣಿಯನ್ನು ಹಾವಿನ ಹಾಗೆ ಅಂಕುಡೊಂಕಾಗಿ ಓಡಿಸುವುದು. ತಿರುವಿನಲ್ಲಿ ಒಳಗಡೆ ಲೂರ್ ನಿಧಾನ ಆಗುತ್ತೆ, ಹೊರಗಡೆಯದು ಜೋರಾಗುತ್ತೆ. ಯಾವುದಕ್ಕೆ ಮೀನು ಬಿತ್ತೋ ವೇಗವನ್ನು ಅತ್ತ ಬದಲಾಯಿಸಿಕೊಳ್ಳಿ.

ಪಿ.ಜೆ. ಬಡಾವಣೆ: ಲೆಕ್ಕ ಹೇಳೋದು ಸುಲಭ ತಮ್ಮ. ನಾನು ಮೀನು ಮನೆಗೆ ತಂದಿದ್ದೇನೆ.

ಹಿರಿಯೂರಿನವನು: ಒಂದೇ ಒಂದು ಮೀನು ತಂದು ಊರಿಗೆಲ್ಲ ನಿಯಮ ಮಾಡಬೇಡಿ.

ಚನ್ನಗಿರಿ ಮೇಷ್ಟ್ರು: ನಾನು ಸೂಳೆಕೆರೆಯಲ್ಲಿ, ಗುತ್ತಿಗೆಯವರ ಒಪ್ಪಿಗೆ ಪಡೆದು, ಬ್ಯಾಟರಿ ಮೋಟಾರ್ ಹಾಕಿ ಎಳೆದವನು. ಬಾಳೆ ಮೀನಿಗೆ 2 ನಾಟ್ ಸಾಕು. ನನ್ನನ್ನು ಕೆಡಿಸಿದ್ದು ಬ್ಯಾಟರಿ. 12 ವೋಲ್ಟ್, 100 ಆಂಪ್ ಅವರ್, ಲೆಡ್ ಆಸಿಡ್, 11,500 ರೂಪಾಯಿ. ಮೋಟಾರ್ ಫುಲ್ ಇಟ್ಟರೆ 50 ಆಂಪ್ ಎಳೆಯುತ್ತೆ. ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಬಾರದು, ಅಂದ್ರೆ ಒಂದು ಗಂಟೆ ಅಷ್ಟೇ. ನಾನು ಪ್ರತಿ ಸಲ ಪೂರ್ತಿ ಖಾಲಿ ಮಾಡಿದೆ, ಏಳು ತಿಂಗಳಿಗೆ ಸತ್ತಿತು. ಅವತ್ತು ಕೆರೆ ನಡುವಿನಿಂದ ದಡದವರೆಗೆ ಹುಟ್ಟು ಹಾಕಿದ್ದು, ಅಂಗೈ ಪೂರ್ತಿ ಬೊಬ್ಬೆ. ಆದರೂ ಟ್ರೋಲಿಂಗ್ ಕಲಿಯೋಕೆ ಸೂಳೆಕೆರೆಯಂಥ ಜಾಗ ಇನ್ನೊಂದಿಲ್ಲ.

ಹಿರಿಯೂರಿನವನು: ಮೇಷ್ಟ್ರೇ, ಅವರು ಕೇಳಿದ್ದು ಅಂಜಲ್. ನೀರು ಅಂದ್ರೆ ನಮ್ಮ ಮಾರಿಕಣಿವೆ ಡ್ಯಾಮ್ ನೋಡಿ. 1933 ಆದ ಮೇಲೆ 2022ರಲ್ಲಿ ಕೋಡಿ ಬಿತ್ತು, ಆ ಆಳ ನಿಮ್ಮ ಕೆರೆಗೆಲ್ಲಿದೆ?

ಚನ್ನಗಿರಿ ಮೇಷ್ಟ್ರು: ಕೋಡಿ ಬೀಳೋಕೆ ಅಷ್ಟು ವರ್ಷ ಕಾದಿರಲ್ಲ, ಅಷ್ಟರಲ್ಲಿ ನಮ್ಮ ಸೂಳೆಕೆರೆ ಎಷ್ಟು ಸಾವಿರ ಎಕರೆ ಗದ್ದೆಗೆ ನೀರು ಕೊಟ್ಟಿದೆ ಗೊತ್ತಾ? ನಮ್ಮ ಕೆರೆಯನ್ನು ಹೀಗಳೆಯಬೇಡಿ.

ಪಿ.ಜೆ. ಬಡಾವಣೆ: ಮೀನಿನ ಮಾತಿಗೆ ಬನ್ನಿ ಇಬ್ಬರೂ.

ದಾವಣಗೆರೆ ಹೊಸಬ: 5ರಿಂದ ಶುರು ಮಾಡಿ, ಲೂರ್ ನೋಡಿಕೊಂಡು ಹೆಚ್ಚು ಕಮ್ಮಿ ಮಾಡುತ್ತೇವೆ. ಲೈನ್ ಎಷ್ಟು ಮೀಟರ್ ಬಿಡಬೇಕು?

ಪಿ.ಜೆ. ಬಡಾವಣೆ: ನಾನು 30 ಬಿಟ್ಟಿದ್ದೆ.

ಹಿರಿಯೂರಿನವನು: 30 ಕಮ್ಮಿ ಆಯಿತಣ್ಣ.