ನಾಲ್ಕೇ ವರ್ಷಕ್ಕೆ ಕುಸಿದ ಸೋಫಾ: ಸೀಮಿತ ಹಣವನ್ನು ಚೌಕಟ್ಟಿಗೆ ಹಾಕಬೇಕೇ, ಫೋಮಿಗೇ, ಬಟ್ಟೆಗೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷಗಳ ಹಿಂದೆ ಕೊಂಡ ನಮ್ಮ ಮೂರು ಆಸನದ ಸೋಫಾವನ್ನು ಈ ವರ್ಷ ಬದಲಿಸಲೇಬೇಕಾಗಿದೆ. ನಡುವಿನ ಆಸನ ಹಳ್ಳ ಬಿದ್ದು, ಅಲ್ಲಿ ಕುಳಿತವರಿಗೆ ಕೆಳಗಿನ ಮರದ ಪಟ್ಟಿ ತಗಲುತ್ತದೆ; ಮೇಲಿನ ರೆಕ್ಸಿನ್ ಹಪ್ಪಳದಂತೆ ಎದ್ದು, ಅದರ ಚೂರುಗಳು ಪ್ರತಿದಿನ ಕಸದಲ್ಲಿ ಸಿಗುತ್ತಿವೆ. ಮನೆಯಲ್ಲಿ ನಾವಿಬ್ಬರು, ಸೋಫಾವನ್ನು ಆಟದ ಮೈದಾನವೆಂದೇ ತಿಳಿದಿರುವ ಇಬ್ಬರು ಮಕ್ಕಳು ಮತ್ತು ಮಂಡಿನೋವಿರುವ ನಮ್ಮ ತಾಯಿ ಇದ್ದೇವೆ. ಹಿಂದಿನ ಸಲ ನೋಟಕ್ಕೆ ಮರುಳಾಗಿ ಕೊಂಡೆವು. ಈ ಸಲ ಕನಿಷ್ಠ ಹತ್ತು ವರ್ಷ ಬಾಳುವಂಥದ್ದು ಬೇಕು, ಆದರೆ ಅಂಗಡಿಯಲ್ಲಿ ‘ಉತ್ತಮ’ ಎಂದು ತೋರಿಸುವ ಸೋಫಾಗಳನ್ನು ಕೊಳ್ಳುವಷ್ಟು ಹಣ ನಮ್ಮಲ್ಲಿಲ್ಲ.

ಚೌಕಟ್ಟು, ಒಳಗಿನ ಫೋಮ್, ಮೇಲಿನ ಬಟ್ಟೆ, ಈ ಮೂರೂ ಒಳ್ಳೆಯದಿರಬೇಕೆಂದರೆ ನಮ್ಮ ಕೈಗೆ ಎಟುಕುವುದಿಲ್ಲ ಎಂದಾದರೆ ಯಾವುದರಲ್ಲಿ ರಾಜಿಯಾಗಬಹುದು? ಎಲ್ಲವನ್ನೂ ಬಟ್ಟೆಯಿಂದ ಮುಚ್ಚಿ ಹೊಲಿದಿರುವಾಗ ಒಳಗೇನಿದೆ ಎಂಬುದನ್ನು ನಮ್ಮಂಥವರು ತಿಳಿಯುವುದು ಹೇಗೆ? ಬಳಸಿದ ಸೋಫಾ ಕೊಳ್ಳುವುದು ಜಾಣತನವೇ?

ಉತ್ತರ 1

ಕುಶನ್ ಕೆಲಸವನ್ನೇ ಜೀವನೋಪಾಯವಾಗಿ ಮಾಡಿಕೊಂಡು, ನೂರಾರು ಸೋಫಾಗಳನ್ನು ಬಿಚ್ಚಿ ನೋಡಿರುವವನಾಗಿ ಹೇಳುವುದಾದರೆ, ಬಟ್ಟೆಯನ್ನು ಮುಂದೆ ಬದಲಿಸಬಹುದು, ಫೋಮನ್ನು ಅದಕ್ಕಿಂತಲೂ ಸುಲಭವಾಗಿ ಬದಲಿಸಬಹುದು, ಆದರೆ ಮುರಿದ ಚೌಕಟ್ಟನ್ನು ಸರಿಪಡಿಸುವುದು ಬಹುಪಾಲು ಹೊಸ ಸೋಫಾ ಮಾಡಿದಷ್ಟೇ ಕೆಲಸ. ಆದ್ದರಿಂದ ಹಣ ಮೊದಲು ಹೋಗಬೇಕಾದದ್ದು ಚೌಕಟ್ಟಿಗೆ.

ಮರವನ್ನು ಗೂಡಿನಲ್ಲಿ ಬಿಸಿಗಾಳಿ ಕೊಟ್ಟು ಹದವಾಗಿ ಒಣಗಿಸಿದ್ದರೆ ಅದು ಆಮೇಲೆ ಸೊಟ್ಟಗಾಗುವುದು, ಬಿರುಕು ಬಿಡುವುದು ಕಡಿಮೆ. ಗಟ್ಟಿ ಮರ ಸಿಗದಿದ್ದರೆ ಒಳ್ಳೆಯ ದಪ್ಪದ ಪ್ಲೈವುಡ್ ಕೂಡ ನಂಬಬಹುದಾದದ್ದೇ. ಅದನ್ನು ಕೀಳೆಂದು ತಿಳಿಯಬೇಡಿ. ದೂರವಿಡಬೇಕಾದದ್ದು ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನ ಚೌಕಟ್ಟನ್ನು. ಅದರಲ್ಲಿ ಸ್ಕ್ರೂ ಒಮ್ಮೆ ಸಡಿಲವಾದರೆ ಮತ್ತೆ ಬಿಗಿ ಹಿಡಿಯುವುದಿಲ್ಲ, ನೀರು ತಗುಲಿದರೆ ಉಬ್ಬುತ್ತದೆ. ಮರಕ್ಕಿಂತಲೂ ಜೋಡಣೆ ಮುಖ್ಯ ಎಂಬುದು ನನ್ನ ಅನುಭವ. ಒಂದರೊಳಗೊಂದು ಕೂರಿಸಿದ ಅಥವಾ ಮರದ ಗೂಟ ಹೊಡೆದು ಅಂಟು ಹಾಕಿದ ಸಂದುಗಳು, ಮೂಲೆಗಳಲ್ಲಿ ಅಡ್ಡಲಾಗಿ ಕೊಟ್ಟು ಸ್ಕ್ರೂ ಬಿಗಿದ ಮರದ ತುಂಡುಗಳು ಇದ್ದರೆ ಅಂಥ ಚೌಕಟ್ಟು ಮಕ್ಕಳ ಕುಣಿತವನ್ನು ತಡೆದುಕೊಳ್ಳುತ್ತದೆ. ಬರೀ ಸ್ಟೇಪಲ್ ಪಿನ್ನುಗಳ ಮೇಲೆ ನಿಂತಿರುವುದು ತಡೆಯುವುದಿಲ್ಲ.

ನೋಡುವುದು ಹೇಗೆಂದರೆ, ಮುಂಭಾಗದ ಒಂದು ಮೂಲೆಯನ್ನು ಹಿಡಿದು ಸುಮಾರು 15 ಸೆಂಟಿಮೀಟರ್ ಮೇಲೆತ್ತಿ. ಅಷ್ಟರೊಳಗೆ ಮುಂದಿನ ಇನ್ನೊಂದು ಕಾಲು ಕೂಡ ನೆಲ ಬಿಟ್ಟು ಎದ್ದಿರಬೇಕು. ಅದು ಇನ್ನೂ ನೆಲದಲ್ಲೇ ಇದ್ದರೆ ಚೌಕಟ್ಟು ತಿರುಚಿಕೊಳ್ಳುತ್ತಿದೆ ಎಂದರ್ಥ. ಬಳಿಕ ಸೋಫಾವನ್ನು ಹಿಂದಕ್ಕೆ ವಾಲಿಸಿ ತಳವನ್ನು ನೋಡಿ. ಅಲ್ಲಿ ತೆಳುವಾದ ಕಪ್ಪು ಬಟ್ಟೆ ಹೊಡೆದಿರುತ್ತಾರೆ. ಅದರ ಒಂದು ಅಂಚನ್ನು ಬಿಡಿಸಿ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಕೆಲಸ ಚೆನ್ನಾಗಿ ಮಾಡಿದವನು ತೋರಿಸಲು ಹಿಂಜರಿಯುವುದಿಲ್ಲ. ಮೂರು ಆಸನದ ಉದ್ದನೆಯ ಸೋಫಾಕ್ಕೆ ನಡುವಿನಲ್ಲೊಂದು ಕಾಲು ಇದೆಯೇ ಎಂಬುದನ್ನೂ ಆಗಲೇ ಗಮನಿಸಿ. ನಿಮ್ಮ ಹಳೆಯದರಲ್ಲಿ ಅದು ಇದ್ದಿರಲಾರದು ಎಂದು ನನಗನ್ನಿಸುತ್ತದೆ.

ಆಸನವನ್ನು ಹೊರುವುದು ಸ್ಪ್ರಿಂಗ್ ಅಥವಾ ಎಲಾಸ್ಟಿಕ್ ಪಟ್ಟಿ. ಸುರುಳಿ ಸ್ಪ್ರಿಂಗುಗಳನ್ನು ಎಂಟು ದಿಕ್ಕಿಗೂ ಹುರಿಯಿಂದ ಕೈಯಲ್ಲೇ ಕಟ್ಟುವ ಪದ್ಧತಿ ಅತ್ಯುತ್ತಮ ಎನ್ನುವುದು ನಿಜ, ಆದರೆ ಸೀಮಿತ ಹಣದಲ್ಲಿ ಅದರ ಆಸೆ ಬಿಡಿ. ಹಾವಿನಂತೆ ಅಂಕುಡೊಂಕಾಗಿರುವ ಜಿಗ್‌ಜಾಗ್ ಸ್ಪ್ರಿಂಗ್, ತಂತಿ 8 ಅಥವಾ 9 ಗೇಜಿನದ್ದಾಗಿದ್ದು ಹತ್ತಿರ ಹತ್ತಿರ ಹಾಕಿದ್ದರೆ ಕುಟುಂಬದ ಬಳಕೆಗೆ ಸಾಕು. ಗೇಜಿನ ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ ಎಂಬುದು ನೆನಪಿರಲಿ. ಅನೇಕರು ಇದನ್ನು ತಿರುಗುಮುರುಗಾಗಿ ತಿಳಿಯುತ್ತಾರೆ. ಅಗಲವಾದ ಎಲಾಸ್ಟಿಕ್ ಪಟ್ಟಿಗಳನ್ನು ಚಾಪೆಯಂತೆ ಬಿಗಿಯಾಗಿ ಹೆಣೆದಿದ್ದರೆ ಅದೂ ನಡೆಯುತ್ತದೆ, ಒಂದೇ ದಿಕ್ಕಿಗೆ ನಾಲ್ಕು ಪಟ್ಟಿ ಎಳೆದು ಬಿಟ್ಟಿದ್ದರೆ ಅದು ಬೇಗನೆ ಜೋತು ಬೀಳುತ್ತದೆ.

ಇನ್ನು ಫೋಮ್. ಒತ್ತಿ ನೋಡಿ ಗಟ್ಟಿಯಾಗಿದೆ ಎಂದು ಒಪ್ಪಿಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಗಟ್ಟಿತನ ಬೇರೆ, ಡೆನ್ಸಿಟಿ ಬೇರೆ. ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬ ಲೆಕ್ಕ, ಬಾಳಿಕೆ ಹೆಚ್ಚಾಗಿ ಅದರ ಮೇಲೆ ನಿಂತಿದೆ. ದಿನವೂ ಕೂರುವ ಆಸನಕ್ಕೆ 32ಕ್ಕಿಂತ ಕಡಿಮೆ ಬೇಡ, 40 ಸಿಕ್ಕರೆ ಒಳ್ಳೆಯದು. ಬೆನ್ನಿನ ಮೆತ್ತೆಗೆ ಅಷ್ಟು ಬೇಕಿಲ್ಲ. ಬಾಯಿಮಾತನ್ನು ನಂಬುವ ಅಗತ್ಯವೂ ಇಲ್ಲ, ಏಕೆಂದರೆ ಜಿಪ್ ಇರುವ ಮೆತ್ತೆಯಾದರೆ ಫೋಮನ್ನು ಹೊರಗೆ ತೆಗೆದು ತಕ್ಕಡಿಯ ಮೇಲಿಡಬಹುದು. ಉದ್ದ ಅಗಲ 60 ಸೆಂಟಿಮೀಟರ್, ದಪ್ಪ 12 ಸೆಂಟಿಮೀಟರ್ ಇರುವ ಫೋಮ್ 40 ಡೆನ್ಸಿಟಿಯದಾಗಿದ್ದರೆ ಸುಮಾರು 1.7 ಕಿಲೋ, 32ರದಾಗಿದ್ದರೆ ಸುಮಾರು 1.4 ಕಿಲೋ ತೂಗಬೇಕು. ಒಂದೇ ಕಿಲೋ ಬಂದರೆ ಅದು 24ರ ಆಸುಪಾಸಿನದು.

ಉತ್ತರ 2

ಮೇಲಿನವರ ಅನುಭವಕ್ಕೆ ಗೌರವವಿಟ್ಟೇ ಒಂದು ಮಾತು ಸೇರಿಸುತ್ತೇನೆ. ಚೌಕಟ್ಟು ಮುರಿದು ಸೋಫಾ ಬಿಸಾಡಿದವರನ್ನು ನಾನು ಹೆಚ್ಚು ಕಂಡಿಲ್ಲ. ನೋಡಲಾಗದಷ್ಟು ಕೊಳೆಯಾಗಿ, ಹರಿದು, ಸಿಪ್ಪೆ ಎದ್ದು ಬಿಸಾಡಿದವರೇ ಹೆಚ್ಚು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಮೊದಲು ಸೋಲುವುದು ಬಟ್ಟೆ. ‘ಮುಂದೆ ಬದಲಿಸಬಹುದು’ ಎನ್ನುವುದು ಸರಿ, ಆದರೆ ಮೂರು ಆಸನದ ಸೋಫಾವನ್ನು ಪೂರ್ತಿ ಹೊದಿಸಲು ಹತ್ತು ಮೀಟರಿಗೂ ಹೆಚ್ಚು ಬಟ್ಟೆ ಬೇಕು, ಅದರ ಮೇಲೆ ಕೂಲಿ ಬೇರೆ. ಅದನ್ನು ಲೆಕ್ಕ ಹಾಕಿ ನೋಡಿದವರು ಹೊಸದನ್ನೇ ಕೊಳ್ಳೋಣ ಎಂದು ಎದ್ದು ಬರುತ್ತಾರೆ.

ನಿಮ್ಮ ರೆಕ್ಸಿನ್ ಏಕೆ ಹಾಗಾಯಿತೆಂದರೆ, ಅದು ಬಟ್ಟೆಯ ಮೇಲೆ ಲೇಪಿಸಿದ ಪ್ಲಾಸ್ಟಿಕ್ ಪದರ. ಆ ಪದರ ಪಾಲಿಯುರೆಥೇನಿನದಾಗಿದ್ದರೆ ಗಾಳಿಯ ತೇವ, ಬೆವರು, ತಲೆಯ ಎಣ್ಣೆ ಸೇರಿ ಅದನ್ನು ನಿಧಾನವಾಗಿ ಒಡೆಯುತ್ತವೆ. ಪಿವಿಸಿಯದಾಗಿದ್ದರೆ ಅದನ್ನು ಮೆದುವಾಗಿಟ್ಟ ಅಂಶ ವರ್ಷಗಳು ಕಳೆದಂತೆ ಹೊರಟುಹೋಗಿ ಬಿರುಸಾಗಿ ಬಿರಿಯುತ್ತದೆ. ಚರ್ಮದ ಚೂರುಗಳನ್ನು ಅರೆದು ಅಂಟಿಸಿ ಮಾಡಿದ ‘ಬಾಂಡೆಡ್ ಲೆದರ್’ ಕೂಡ ಇದೇ ದಾರಿ ಹಿಡಿಯುತ್ತದೆ, ಹೆಸರಿನಲ್ಲಿ ಚರ್ಮವಿದೆಯೆಂದು ಮೋಸಹೋಗಬೇಡಿ. ಸಿಪ್ಪೆ ಎದ್ದ ಮೇಲೆ ಇದಕ್ಕೆ ರಿಪೇರಿ ಎಂಬುದಿಲ್ಲ.

ಬಿಗಿಯಾಗಿ ನೇಯ್ದ ಪಾಲಿಯೆಸ್ಟರ್ ಅಥವಾ ಮೈಕ್ರೋಫೈಬರ್ ಬಟ್ಟೆ ನೋಡಲು ಸಾಧಾರಣವಾದರೂ ಮಕ್ಕಳ ಮನೆಗೆ ಅದೇ ಸರಿ. ಬಟ್ಟೆಯ ಸವೆತವನ್ನು ಅಳೆಯುವ ಮಾರ್ಟಿಂಡೇಲ್ ಎಂಬ ಪರೀಕ್ಷೆಯಿದೆ. ಬಟ್ಟೆಯ ತುಂಡನ್ನು ಉಣ್ಣೆಬಟ್ಟೆಗೆ ಉಜ್ಜುತ್ತಾ ಹೋಗಿ, ನೂಲು ಹರಿಯುವವರೆಗೆ ಎಷ್ಟು ಸುತ್ತು ತಡೆಯಿತು ಎಂದು ಎಣಿಸುತ್ತಾರೆ. ದಿನಬಳಕೆಯ ಸೋಫಾಕ್ಕೆ ಆ ಸಂಖ್ಯೆ 25,000ಕ್ಕಿಂತ ಮೇಲಿದ್ದರೆ ಒಳ್ಳೆಯದು. ಒಂದು ಲಕ್ಷ ಎಂದು ಬರೆದಿದ್ದರೆ ನಾಲ್ಕು ಪಟ್ಟು ವರ್ಷ ಬಾಳುತ್ತದೆ ಎಂದೇನೂ ಅಲ್ಲ, ಅದಕ್ಕಾಗಿ ಹೆಚ್ಚು ಹಣ ಕೊಡಬೇಕಿಲ್ಲ. ವೈಜೆನ್‌ಬೀಕ್ ಎಂಬ ಇನ್ನೊಂದು ಪರೀಕ್ಷೆಯ ಸಂಖ್ಯೆಯೂ ಕೆಲವೆಡೆ ಇರುತ್ತದೆ, ಆದರೆ ಉಜ್ಜುವ ರೀತಿಯೇ ಬೇರೆಯಾದ್ದರಿಂದ ಇದನ್ನು ಅದರೊಂದಿಗೆ ಹೋಲಿಸಲು ಬರುವುದಿಲ್ಲ. ಚೀಟಿಯಲ್ಲಿ ಸ್ವಚ್ಛಗೊಳಿಸುವ ಸಂಕೇತವನ್ನೂ ನೋಡಿ: ‘ಡಬ್ಲ್ಯೂ’ ಎಂದಿದ್ದರೆ ನೀರು ಬಳಸಬಹುದು, ‘ಎಸ್’ ಎಂದಿದ್ದರೆ ದ್ರಾವಕ ಮಾತ್ರ, ‘ಎಕ್ಸ್’ ಎಂದಿದ್ದರೆ ಧೂಳು ತೆಗೆಯುವುದನ್ನು ಬಿಟ್ಟು ಬೇರೇನನ್ನೂ ಮಾಡುವಂತಿಲ್ಲ. ಮಕ್ಕಳಿರುವ ಮನೆಗೆ ‘ಎಕ್ಸ್’ ತಂದರೆ ಮೊದಲ ವಾರದಲ್ಲೇ ಪಶ್ಚಾತ್ತಾಪ ಪಡುತ್ತೀರಿ.

ಮೆತ್ತೆಗಳು ಬಿಡಿಯಾಗಿದ್ದು ಎರಡೂ ಕಡೆ ಒಂದೇ ಬಟ್ಟೆ ಇರಬೇಕು, ಆಗ ತಿಂಗಳಿಗೊಮ್ಮೆ ತಿರುವಿ ಹಾಕಿ, ಜಾಗ ಬದಲಿಸಿ, ಸವೆತವನ್ನು ಹಂಚಬಹುದು. ಚೌಕಟ್ಟಿಗೇ ಸೇರಿಸಿ ಹೊಲಿದ ಆಸನದಲ್ಲಿ ಎಲ್ಲರ ಮೆಚ್ಚಿನ ಒಂದೇ ಮೂಲೆ ಹಳ್ಳ ಬೀಳುತ್ತದೆ.

ನಿಮ್ಮ ತಾಯಿಯವರ ವಿಷಯವನ್ನು ಯಾರೂ ಮುಟ್ಟಲಿಲ್ಲ. ಆಸನದ ಎತ್ತರ ಸಾಮಾನ್ಯವಾಗಿ 43ರಿಂದ 45 ಸೆಂಟಿಮೀಟರ್ ಇರುತ್ತದೆ. ಮಂಡಿನೋವಿರುವವರಿಗೆ ಅದಕ್ಕಿಂತ ಮೂರು ನಾಲ್ಕು ಸೆಂಟಿಮೀಟರ್ ಹೆಚ್ಚಿದ್ದರೆ ಏಳುವುದು ಸುಲಭ. ಆಳ 60 ಸೆಂಟಿಮೀಟರ್ ದಾಟಿದ ಸೋಫಾಗಳು ಅಂಗಡಿಯಲ್ಲಿ ಬಹಳ ಹಿತವೆನಿಸುತ್ತವೆ, ಆದರೆ ಗಿಡ್ಡ ನಿಲುವಿನವರಿಗೆ ಬೆನ್ನು ಒರಗಿಸಿದರೆ ಕಾಲು ನೆಲಕ್ಕೆ ತಾಗುವುದಿಲ್ಲ. ಅವರನ್ನೇ ಕರೆದುಕೊಂಡು ಹೋಗಿ ಐದು ನಿಮಿಷ ಕೂರಿಸಿ, ಕೈ ಹಿಡಿಯದೆ ಎಬ್ಬಿಸಿ ನೋಡಿ. ತೋಳು ಅವರು ಊರಿಕೊಂಡು ಏಳುವಷ್ಟು ಗಟ್ಟಿಯಾಗಿರಲಿ.

ಉತ್ತರ 3

ಬಳಸಿದ ಸೋಫಾದ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ನಮ್ಮ ಮನೆಯ ಎರಡು ಸೋಫಾಗಳೂ ಬಳಸಿದವೇ. ಅದೇ ಹಣಕ್ಕೆ ಹೊಸದರಲ್ಲಿ ಎಂದೂ ಸಿಗದ ಚೌಕಟ್ಟು ಹಳೆಯದರಲ್ಲಿ ಸಿಗುತ್ತದೆ, ಹತ್ತು ವರ್ಷ ಅಲುಗದೆ ನಿಂತದ್ದು ತನ್ನ ಪರೀಕ್ಷೆಯನ್ನು ಆಗಲೇ ಮುಗಿಸಿದೆ. ನಾವು ಆಸನದ ಫೋಮನ್ನು ಮಾತ್ರ ಹೊಸದಾಗಿ ಕತ್ತರಿಸಿ ಹಾಕಿಸಿದೆವು, ಬಟ್ಟೆಯನ್ನು ಹಾಗೆಯೇ ಉಳಿಸಿಕೊಂಡೆವು.

ಆದರೆ ತಿಗಣೆಯ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಹೊಲಿಗೆಯ ಮಡಿಕೆ, ಜಿಪ್ಪಿನ ಅಂಚು, ತಳದ ಕಪ್ಪು ಬಟ್ಟೆಯ ಮೂಲೆ, ಕಾಲು ಸೇರುವ ಸಂದು, ಇವುಗಳನ್ನು ಟಾರ್ಚ್ ಹಿಡಿದು ನೋಡಿ. ಶಾಯಿ ಚುಕ್ಕೆಯಂಥ ಕಪ್ಪು ಕಲೆ ಅಥವಾ ತಿಳಿಕಂದು ಪೊರೆ ಕಂಡರೆ ಉಚಿತವಾಗಿ ಕೊಟ್ಟರೂ ತರಬೇಡಿ. ಕೆಲವು ದಿನ ಹೊರಗಿಟ್ಟರೆ ಸಾಯುತ್ತವೆ ಎಂಬ ನಂಬಿಕೆ ಸುಳ್ಳು, ತಿಗಣೆಗಳು ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತವೆ. ಮರದ ಕೆಳಗೆ ಹಿಟ್ಟಿನಂಥ ಪುಡಿ ಉದುರಿದ್ದರೆ ಹುಳು ಹಿಡಿದಿದೆ. ಮುಗ್ಗಲು ವಾಸನೆ ಬಂದರೆ ತೇವ ಒಳಗೇ ಇದೆ, ಎಷ್ಟು ಬಿಸಿಲಿಗೆ ಹಾಕಿದರೂ ನಮಗಂತೂ ಅದು ಹೋಗಲಿಲ್ಲ. ಆ ಒಂದು ಕುರ್ಚಿಯನ್ನು ಕೊನೆಗೆ ಬಿಸಾಡಿದೆವು.

ಪ್ರಶ್ನೆ ಕೇಳಿದವರ ಮರುನುಡಿ

ಮೂವರಿಗೂ ಕೃತಜ್ಞತೆಗಳು. ಕುತೂಹಲಕ್ಕೆ ನಮ್ಮ ಹಳೆಯ ಸೋಫಾದ ನಡುವಿನ ಫೋಮನ್ನು ತೆಗೆದು ತೂಗಿದೆ. ಉದ್ದ ಅಗಲ 55 ಸೆಂಟಿಮೀಟರ್, ದಪ್ಪ 10 ಸೆಂಟಿಮೀಟರ್, ತೂಕ 560 ಗ್ರಾಂ. ಲೆಕ್ಕ ಹಾಕಿದರೆ ಡೆನ್ಸಿಟಿ 19 ಕೂಡ ಇಲ್ಲ. ಕೊಳ್ಳುವಾಗ 32 ಎಂದು ಹೇಳಿದ್ದರು. ನಡುವಿನ ಕಾಲೂ ಇರಲಿಲ್ಲ, ಉತ್ತರ 1ರವರು ನೋಡದೆಯೇ ಹೇಳಿಬಿಟ್ಟರು.

ನಿನ್ನೆ ಎರಡು ಅಂಗಡಿಗಳಿಗೆ ಮೂಲೆ ಎತ್ತಿ ನೋಡುತ್ತಾ ಹೋದೆವು. ಒಂದರಲ್ಲಿ ಚೌಕಟ್ಟು ಪರೀಕ್ಷೆಯಲ್ಲಿ ಗೆದ್ದಿತು, ತಾಯಿಗೆ ಎತ್ತರವೂ ಸರಿಹೋಯಿತು, ಆದರೆ ಅದರ 60-60-12ರ ಫೋಮ್ 3.6 ಕಿಲೋ ತೂಗಿತು. ಲೆಕ್ಕದ ಪ್ರಕಾರ ಡೆನ್ಸಿಟಿ 83 ಆಗುತ್ತದೆ. 40ಕ್ಕಿಂತ ಎರಡು ಪಟ್ಟು ಒಳ್ಳೆಯದು ಎಂದು ತಿಳಿಯಬಹುದೇ? ಕುಳಿತರೆ ಹಲಗೆಯ ಮೇಲೆ ಕುಳಿತಂತಿತ್ತು.

ಉತ್ತರ 1ರವರಿಂದ ಮತ್ತೆ

ಅದು ರೀಬಾಂಡೆಡ್ ಫೋಮ್. ಕತ್ತರಿಸಿ ಉಳಿದ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡುವುದರಿಂದ ತೂಕ ಹೆಚ್ಚು. ಜಿಪ್ ತೆರೆದು ನೋಡಿದರೆ ಬಣ್ಣಬಣ್ಣದ ಚೂರುಗಳು ಕಾಣುತ್ತವೆ. ನಾನು ಹೇಳಿದ ತೂಕದ ಲೆಕ್ಕ ಅದಕ್ಕೆ ಅನ್ವಯಿಸುವುದಿಲ್ಲ, ಇದನ್ನು ಮೊದಲೇ ತಿಳಿಸದಿದ್ದುದು ನನ್ನ ತಪ್ಪು. ಅದನ್ನು ಕೆಟ್ಟ ವಸ್ತುವೆಂದು ತಳ್ಳಿಹಾಕಲಾರೆ, ತಳದ ಪದರವಾಗಿ ಉಪಯುಕ್ತವೇ, ಆದರೆ ಆಸನ ಪೂರ್ತಿ ಅದೇ ಆಗಿದ್ದರೆ ನಿಮಗಾದ ಅನುಭವವೇ ಆಗುವುದು. ಚೌಕಟ್ಟು ಮತ್ತು ಎತ್ತರ ಹೊಂದಿರುವಾಗ ಆ ಸೋಫಾವನ್ನು ಬಿಡಬೇಡಿ. ಆಸನಕ್ಕೆ ಮಾತ್ರ 40 ಡೆನ್ಸಿಟಿಯ ಸಾಮಾನ್ಯ ಫೋಮ್ ಹಾಕಿಕೊಡಿ ಎಂದು ಕೇಳಿ, ಮಾಡುವವರಿಗೆ ಅದು ಕಷ್ಟವೇನಲ್ಲ. ಬಿಲ್ಲಿನಲ್ಲಿ ಡೆನ್ಸಿಟಿಯನ್ನು ಬರೆಸಿಕೊಳ್ಳಿ, ಮತ್ತು ವಾರಂಟಿ ಚೌಕಟ್ಟಿಗೆ ಎಷ್ಟು ವರ್ಷ, ಫೋಮಿಗೆ ಎಷ್ಟು, ಬಟ್ಟೆಗೆ ಎಷ್ಟು ಎಂದು ಬೇರೆ ಬೇರೆಯಾಗಿ ಕೇಳಿ. ‘ಹತ್ತು ವರ್ಷ’ ಎಂಬ ದೊಡ್ಡ ಅಕ್ಷರ ಹೆಚ್ಚಾಗಿ ಚೌಕಟ್ಟಿಗೆ ಮಾತ್ರ ಸೇರಿದ್ದು.

ಮುಂಗಡ ಕೊಡುವ ಮೊದಲು ಮನೆಯ ಬಾಗಿಲಿನ ಅಗಲವನ್ನೂ ಮೆಟ್ಟಿಲಿನ ತಿರುವನ್ನೂ ಅಳೆದಿದ್ದೀರಿ ತಾನೆ? ಕಾಲುಗಳನ್ನು ಬಿಚ್ಚಬಹುದಾದರೆ ಬಿಚ್ಚಿದ ಮೇಲಿನ ಎತ್ತರವನ್ನು ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ ಕೇಳಿದವರಿಂದ

ಬಾಗಿಲು 84 ಸೆಂಟಿಮೀಟರ್ ಇದೆ, ಕಾಲು ಬಿಚ್ಚಿದ ಸೋಫಾದ ಎತ್ತರ 76 ಎಂದು ಅಂಗಡಿಯವರು ಹೇಳಿದರು. ಮೆಟ್ಟಿಲಿನ ತಿರುವನ್ನು ಅಳೆದಿರಲಿಲ್ಲ. ಈಗ ಟೇಪು ಹಿಡಿದು ಹೊರಟಿದ್ದೇನೆ.