ಇಸಿಯು ಬದಲಿಸುವ ಮೊದಲು ಬ್ರೇಕ್ ಪೆಡಲಿನ ಬುಡ ನೋಡು

ಶ್ರೀಹರಿ, ಚಿಕ್ಕಮ್ಮ ಮಾತನಾಡುತ್ತಿದ್ದೇನೆ. ಹೊಸ ಇಸಿಯುವಿಗೆ, ಅಂದರೆ ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಪೆಟ್ಟಿಗೆಗೆ, ಮುಂಗಡ ಹಣ ಕೊಟ್ಟಿಲ್ಲ ತಾನೆ? ಕೊಡಬೇಡ. ಮೊದಲು ಆ ವರ್ಕ್‌ಶಾಪಿಗೆ ಫೋನ್ ಮಾಡಿ, ಸಾಮಾನು ತರಿಸಬೇಡಿ ಎಂದು ಹೇಳು. ಆಮೇಲೆ ಕುಳಿತು ಇದನ್ನು ಕೇಳು, ಸ್ವಲ್ಪ ಉದ್ದ ಇದೆ.

ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಹಾಕಿದ್ದನ್ನು ಓದಿದೆ. 2014ರ ಪೆಟ್ರೋಲ್ ಕಾರು, ಕೈಯಿಂದ ಗೇರ್ ಹಾಕುವಂಥದ್ದು. ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಒಂದೇ ವೇಗ ಹಿಡಿದಿಡುವ ಕ್ರೂಸ್‌ನ ಗುಂಡಿ ಒತ್ತಿದರೆ ಮೀಟರಿನಲ್ಲಿ ದೀಪ ಬರುತ್ತದೆ. ಆದರೆ 60–70ರ ವೇಗದಲ್ಲಿ ಸೆಟ್ ಒತ್ತಿದರೆ ಏನೂ ಆಗುವುದಿಲ್ಲ, ಕಾಲು ತೆಗೆದ ಕೂಡಲೇ ವೇಗ ಇಳಿಯುತ್ತದೆ. ಮಳೆಗಾಲಕ್ಕೆ ಮೊದಲು ಸರಿ ಇತ್ತು. ಹಾರ್ನ್ ಕೆಲಸ ಮಾಡುತ್ತದೆ, ಏರ್‌ಬ್ಯಾಗ್ ದೀಪ ಉರಿಯುತ್ತಿಲ್ಲ. ವರ್ಕ್‌ಶಾಪಿನವರು ಇಸಿಯು ಹೋಗಿದೆ ಎಂದರು. ಬಾಲಣ್ಣ ವ್ಯಾಕ್ಯೂಮ್ ಪೈಪ್ ನೋಡು, ಅದರಲ್ಲೂ ಆಗದಿದ್ದರೆ ಬ್ರೇಕ್ ಸ್ವಿಚ್ಚಿನ ವಯರ್ ಜೋಡಿಸಿಬಿಡು ಎಂದರು. ಸುಮತಿ ಅತ್ತಿಗೆ, ಕ್ರೂಸ್ ಯಾಕೆ ಬೇಕು, ಬಿಟ್ಟುಬಿಡು ಎಂದರು. ಮೂವರಿಗೂ ಉತ್ತರ ಹೇಳುತ್ತೇನೆ. ಐಟಿಐಯಲ್ಲಿ ಹುಡುಗರಿಗೆ ವಾಹನಗಳ ವಿದ್ಯುತ್ ಕೆಲಸ ಕಲಿಸಿದವಳು ನಾನು. ಈ ವಿಷಯದಲ್ಲಿ ಸುಮ್ಮನೆ ಕುಳಿತುಕೊಳ್ಳಲು ನನ್ನಿಂದ ಆಗುವುದಿಲ್ಲ.

ನಿನ್ನ ಕಾರಿನಲ್ಲಿ ಕ್ರೂಸ್ ಎಂಬ ಬೇರೆ ಯಂತ್ರವೇ ಇಲ್ಲ. ಆಕ್ಸಿಲರೇಟರಿನಿಂದ ಇಂಜಿನ್ನಿಗೆ ಕೇಬಲ್ ಹೋಗುವುದಿಲ್ಲ. ಪೆಡಲಿನ ಬುಡದ ಸೆನ್ಸರ್ ಇಸಿಯುವಿಗೆ ಸುದ್ದಿ ಕಳುಹಿಸುತ್ತದೆ, ಇಸಿಯು ಥ್ರಾಟಲಿನ, ಅಂದರೆ ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲಿನ, ಮೋಟಾರನ್ನು ತಿರುಗಿಸುತ್ತದೆ. ಕ್ರೂಸ್ ಹಾಕಿದಾಗಲೂ ತಿರುಗುವುದು ಅದೇ ಮೋಟಾರು, ತಿರುಗಿಸುವುದು ಅದೇ ಇಸಿಯು. ಇಸಿಯು ನಿಜವಾಗಿ ಸತ್ತಿದ್ದರೆ ಕಾರು ನಿನ್ನ ನೀರ್ಚಾಲಿನಿಂದ ಪಕ್ಕದ ಬದಿಯಡ್ಕಕ್ಕೂ ಹೋಗುತ್ತಿರಲಿಲ್ಲ. ನೀನು ಅದರಲ್ಲಿ ಮಂಗಳೂರಿಗೆ ಹೋಗಿ ಬರುತ್ತಿದ್ದೀಯೆ. ಅಂದರೆ ಇಸಿಯುವಿಗೆ ಜೀವ ಇದೆ, ಅದು ಬೇಕೆಂದೇ ಕ್ರೂಸನ್ನು ತಡೆಯುತ್ತಿದೆ. ತಡೆಯಲು ಕಾರಣವೇನು ಎಂದು ಹುಡುಕುವುದಷ್ಟೇ ನಮ್ಮ ಕೆಲಸ.

ಕ್ರೂಸನ್ನು ಒಪ್ಪಿಕೊಳ್ಳುವ ಮೊದಲು ಇಸಿಯು ಹಲವು ಸಂಗತಿ ನೋಡುತ್ತದೆ. ಬ್ರೇಕ್ ಒತ್ತಿಲ್ಲ ಎಂಬುದು ಖಚಿತವೇ, ಕ್ಲಚ್ ಒತ್ತಿಲ್ಲವೇ, ವೇಗದ ಲೆಕ್ಕ ಸರಿಯಾಗಿ ಬರುತ್ತಿದೆಯೇ, ವೇಗ ಸುಮಾರು 40 ಕಿಲೋಮೀಟರ್ ದಾಟಿದೆಯೇ, ಇಂಜಿನ್ ದೀಪ ಅಥವಾ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ದೀಪ ಉರಿಯುತ್ತಿದೆಯೇ. ಒಂದರಲ್ಲಿ ಸಂಶಯ ಬಂದರೂ ಅದು ಒಪ್ಪುವುದಿಲ್ಲ. ಒಪ್ಪಬಾರದು ಕೂಡ, ಯಾಕೆಂದರೆ ನಿನ್ನ ಕಾಲಿನ ಕೆಲಸವನ್ನು ಅದು ವಹಿಸಿಕೊಳ್ಳುತ್ತಿದೆ.

ಇವುಗಳಲ್ಲಿ ನನಗೆ ಮೊದಲ ಸಂಶಯ ಬ್ರೇಕ್ ಸ್ವಿಚ್ಚಿನ ಮೇಲೆ. ಹಳೆಯ ಕಾರುಗಳಲ್ಲಿ ಅತಿ ಹೆಚ್ಚು ಸಲ ಕೈಕೊಡುವುದು ಅದೇ, ನೋಡುವುದಕ್ಕೆ ಹಣವೂ ಬೇಡ. ಬ್ರೇಕ್ ಪೆಡಲಿನ ತೋಳಿನ ಮೇಲ್ತುದಿಯಲ್ಲಿ ಒಂದು ಪುಟ್ಟ ಸ್ವಿಚ್ ಇರುತ್ತದೆ, ಮೂತಿಯಲ್ಲಿ ಒಳಗೆ ಹೊರಗೆ ಆಡುವ ಕಡ್ಡಿ. ಒಳಗೆ ಎರಡು ಜೋಡಿ ಸಂಪರ್ಕಗಳು. ಪೆಡಲ್ ಮುಟ್ಟದೆ ಇರುವಾಗ ಒಂದು ಜೋಡಿ ತೆರೆದಿರುತ್ತದೆ, ಇನ್ನೊಂದು ಮುಚ್ಚಿರುತ್ತದೆ. ಒತ್ತಿದಾಗ ತಿರುವು ಮುರುವು. ಒಂದು ಜೋಡಿ ಹಿಂದಿನ ಬ್ರೇಕ್ ದೀಪ ಹೊತ್ತಿಸುತ್ತದೆ, ಇನ್ನೊಂದು ಇಸಿಯುವಿಗೆ ಸಾಕ್ಷಿ ಹೇಳುತ್ತದೆ. ಎರಡರ ಮಾತೂ ತಾಳೆಯಾದರೆ ಮಾತ್ರ ಇಸಿಯು ನಂಬುತ್ತದೆ. ಒಂದು ಸಂಪರ್ಕಕ್ಕೆ ಕಿಲುಬು ಹಿಡಿದರೂ ತಾಳೆ ತಪ್ಪುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ, ಸಮುದ್ರದ ಗಾಳಿ ಬೀಸುವ ನಮ್ಮ ಊರಿನಲ್ಲಿ ಕಿಲುಬು ಹಿಡಿಯುವುದು ವಿಶೇಷವೇನಲ್ಲ. ಬ್ರೇಕ್ ದೀಪ ಚೆನ್ನಾಗಿಯೇ ಹೊತ್ತುತ್ತದೆ, ಆದ್ದರಿಂದ ಸ್ವಿಚ್ ಸರಿ ಇದೆ ಎಂದು ವರ್ಕ್‌ಶಾಪಿನವರು ಹೇಳಿರಬಹುದು. ಅದು ಅರ್ಧ ಪರೀಕ್ಷೆ. ದೀಪ ಹೊತ್ತಿದರೆ ಒಂದು ಜೋಡಿ ಸರಿ ಇದೆ ಎಂದಷ್ಟೇ ಗೊತ್ತಾಗುತ್ತದೆ.

ನಾಳೆ ಬೆಳಗ್ಗೆ ಮೊದಲು ಕಾಲ ಕೆಳಗಿನ ಮ್ಯಾಟ್ ಎತ್ತಿ ನೋಡು. ಬಿಸ್ಕತ್ತಿನ ಹಾಗೆ ಪುಡಿಯಾದ ರಬ್ಬರಿನ ಅಥವಾ ಪ್ಲಾಸ್ಟಿಕ್ಕಿನ ಚೂರುಗಳು ಬಿದ್ದಿವೆಯೇ? ಸ್ವಿಚ್ಚಿನ ಕಡ್ಡಿ ಪೆಡಲಿಗೆ ತಾಗುವ ಜಾಗದಲ್ಲಿ ಒಂದು ತೂತಿಗೆ ಸಣ್ಣ ಬಿರಡೆ ಹಾಕಿರುತ್ತಾರೆ. ಬಿಸಿಲಿಗೆ ನಿಂತು ನಿಂತು ಹತ್ತು ಹನ್ನೆರಡು ವರ್ಷಕ್ಕೆ ಅದು ಪುಡಿಯಾಗುತ್ತದೆ. ಆಗ ಕಡ್ಡಿ ತೂತಿನೊಳಗೆ ನುಗ್ಗಿ ನಿಲ್ಲುತ್ತದೆ, ಕಾಲು ತೆಗೆದರೂ ಬ್ರೇಕ್ ಒತ್ತಿದಂತೆಯೇ ಕಾರಿಗೆ ತೋರುತ್ತದೆ, ಹಿಂದಿನ ದೀಪ ಆರುವುದೇ ಇಲ್ಲ, ರಾತ್ರಿ ಕಳೆಯುವಾಗ ಬ್ಯಾಟರಿಯೂ ಇಳಿದಿರುತ್ತದೆ. ಕ್ಲಚ್ ಪೆಡಲಿಗೂ ಇಂಥದೇ ಬಿರಡೆ ಇರುತ್ತದೆ. ಅದು ಹೋದರೆ ಬ್ರೇಕ್ ದೀಪದಲ್ಲಿ ಏನೂ ಗೊತ್ತಾಗುವುದಿಲ್ಲ, ಕ್ರೂಸ್ ಮಾತ್ರ ಬರುವುದಿಲ್ಲ. ಅದಕ್ಕೇ ಎರಡನ್ನೂ ಟಾರ್ಚ್ ಹಿಡಿದು ನೋಡು ಎನ್ನುವುದು. ಆ ಬಿರಡೆಗೆ ಚಹಾ ತಿಂಡಿಯ ಖರ್ಚು ಕೂಡ ಬೀಳುವುದಿಲ್ಲ.

ಕತ್ತಲಾದ ಮೇಲೆ ಕಾರನ್ನು ಅಡಿಕೆ ಕೊಟ್ಟಿಗೆಯ ಗೋಡೆಗೆ ಬೆನ್ನು ಮಾಡಿ ನಿಲ್ಲಿಸು. ಪೆಡಲ್ ಒತ್ತಿದಾಗ ಮೂರು ಬ್ರೇಕ್ ದೀಪಗಳೂ ಬರಬೇಕು, ಬಿಟ್ಟಾಗ ಮೂರೂ ಆರಬೇಕು. ಒಂದೂ ಬರದಿದ್ದರೆ ಮೊದಲು ಫ್ಯೂಸ್ ನೋಡು. ಇನ್ನೊಂದು ಮಾತು. ದೀಪಾವಳಿಯ ಹೊತ್ತಿಗೆ ಹಿಂದಿನ ಬಲ್ಬುಗಳನ್ನು ಎಲ್‌ಇಡಿಗೆ ಬದಲಿಸಿದೆ ಎಂದು ನೀನು ಹೇಳಿದ್ದೆ. ಕೆಲವು ಹಳೆಯ ಕಾರುಗಳಲ್ಲಿ ಕ್ರೂಸಿನ ನಿಯಂತ್ರಣ ಪೆಟ್ಟಿಗೆ ಬ್ರೇಕ್ ಬಲ್ಬಿನ ಒಳಗಿನ ತಂತಿಯ ಮೂಲಕ ಅರ್ತ್ ಸಿಗುತ್ತದೆಯೇ ಎಂದು ಪರೀಕ್ಷಿಸುತ್ತದೆ. ಎಲ್‌ಇಡಿಯಲ್ಲಿ ಆ ದಾರಿ ಸಿಗದೆ ಕ್ರೂಸ್ ನಿಂತುಬಿಡುತ್ತದೆ. ನಿನ್ನದು ಎಲ್‌ಇಡಿ ಹಾಕಿದ ಮೇಲೂ ಮಳೆಗಾಲದವರೆಗೆ ಓಡಿದ್ದರಿಂದ ಇದೇ ಕಾರಣ ಎಂದು ನನಗೆ ಅನ್ನಿಸುವುದಿಲ್ಲ. ಆದರೂ ಹಳೆಯ ಬಲ್ಬುಗಳನ್ನು ಎಸೆದಿಲ್ಲದಿದ್ದರೆ ಒಮ್ಮೆ ಹಾಕಿ ನೋಡು.

ಇಷ್ಟರಲ್ಲಿ ಸಿಗದಿದ್ದರೆ ಸ್ಕ್ಯಾನರ್, ಅಂದರೆ ಇಸಿಯು ಬರೆದಿಟ್ಟ ದೋಷದ ಕೋಡ್‌ಗಳನ್ನು ಓದುವ ಸಾಧನ. ಸ್ಟೇರಿಂಗಿನ ಕೆಳಗೆ 16 ಪಿನ್ನಿನ ಸಾಕೆಟ್ ಇದೆ, ಮೊಬೈಲಿಗೆ ಜೋಡಿಸುವ ಸಣ್ಣ ಅಡಾಪ್ಟರ್ ಅದಕ್ಕೆ ಸಾಕಾಗುತ್ತದೆ. ವರ್ಕ್‌ಶಾಪಿನವರು ಸ್ಕ್ಯಾನ್ ಮಾಡಿದ್ದಾರೆ ಎಂದು ನೀನು ಹೇಳಿದೆ, ಯಾವ ಕೋಡ್ ಬಂತು ಎಂದು ಕೇಳಿದೆಯಾ? ಕೋಡ್ ತೋರಿಸದೆ ಇಸಿಯು ಹೋಗಿದೆ ಎಂದು ಹೇಳುವವರನ್ನು ನಾನು ನಂಬುವುದಿಲ್ಲ. ಪಿ 0571 ಅಥವಾ ಪಿ 0504 ಬಂದರೆ ಬ್ರೇಕ್ ಸ್ವಿಚ್ಚಿನ ಕಡೆಯ ದೂರು. ಪಿ 0500 ವೇಗದ ಸೆನ್ಸರಿನದು. ಪಿ 0564ರಿಂದ ಮುಂದಿನ ಕೆಲವು ಸಂಖ್ಯೆಗಳು ಸ್ಟೇರಿಂಗಿನ ಕ್ರೂಸ್ ಗುಂಡಿಗಳ ಕಡೆ ಬೊಟ್ಟು ಮಾಡುತ್ತವೆ. ಕೋಡ್ ಏನೂ ಇಲ್ಲದಿದ್ದರೂ ಕೈಬಿಡಬೇಡ. ನೇರ ಮಾಹಿತಿಯ ಪುಟ ತೆರೆದು ಬ್ರೇಕ್ ಮತ್ತು ಕ್ಲಚ್ಚಿನ ಸಾಲುಗಳು ಇವೆಯೇ ನೋಡು. ಕೆಲವು ಅಗ್ಗದ ಆ್ಯಪ್‌ಗಳಲ್ಲಿ ಅವು ಬರುವುದಿಲ್ಲ, ಆಗ ವರ್ಕ್‌ಶಾಪಿನ ಸ್ಕ್ಯಾನರಿನಲ್ಲಿ ತೋರಿಸಲು ಕೇಳು. ಪೆಡಲನ್ನು ತುಂಬ ನಿಧಾನವಾಗಿ ಒತ್ತು, ನಿಧಾನವಾಗಿ ಬಿಡು. ಸಾಲುಗಳು ಒಟ್ಟಿಗೆ ಬದಲಾಗದೆ ಒಂದು ಹಿಂದೆ ಬಿದ್ದರೆ, ಅಥವಾ ಕುಳಿತಲ್ಲೇ ಕುಳಿತರೆ, ಕಳ್ಳ ಸಿಕ್ಕಿದ.

ಸ್ವಿಚ್ ಬದಲಿಸುವ ಮೊದಲು ಅದರ ಪ್ಲಗ್ ಬಿಚ್ಚಿ ಪಿನ್ನುಗಳಲ್ಲಿ ಹಸಿರು ಕಿಲುಬು ಇದೆಯೇ ನೋಡಬೇಕು, ವಯರನ್ನು ಇಲಿ ಕಚ್ಚಿದೆಯೇ ನೋಡಬೇಕು. ಆಟಿಯ ಮಳೆಯಲ್ಲಿ ತೋಟದ ಇಲಿಗಳೆಲ್ಲ ಕೊಟ್ಟಿಗೆಗೆ ಬರುತ್ತವೆ, ನಿನ್ನ ಕಾರು ನಿಲ್ಲುವುದೂ ಅಲ್ಲೇ. ವಯರ್ ಹರಿದಿದ್ದರೆ ಹೊಸ ಸ್ವಿಚ್ ಹಾಕಿ ಏನು ಪ್ರಯೋಜನ? ಹೊಸ ಸ್ವಿಚ್ಚಿಗೆ ಕೆಲವು ನೂರು ರೂಪಾಯಿ ಆದೀತು. ಕೂರಿಸುವಾಗ ಕಡ್ಡಿಗೂ ಪೆಡಲಿಗೂ ಇರಬೇಕಾದ ಅಂತರ ಆ ಕಾರಿನ ಕೈಪಿಡಿಯಲ್ಲಿ ಇದ್ದಷ್ಟೇ ಇರಬೇಕು. ಹೆಚ್ಚು ಬಿಗಿ ಮಾಡಿದರೆ ಪೆಡಲ್ ಪೂರ್ತಿ ಮೇಲೆ ಬರದೆ ಬ್ರೇಕ್ ಸ್ವಲ್ಪ ಹಿಡಿದುಕೊಂಡೇ ಇರುತ್ತದೆ. ಆಮೇಲೆ ಕೋಡ್ ಅಳಿಸಬೇಕು.

ಸ್ಟೇರಿಂಗ್ ಬಿಚ್ಚುವ ಮಾತು ಈಗ ಬೇಡ. ಸ್ಟೇರಿಂಗ್ ತಿರುಗುವಾಗ ಗುಂಡಿಗಳ, ಹಾರ್ನಿನ, ಏರ್‌ಬ್ಯಾಗಿನ ಸಂಪರ್ಕ ತಪ್ಪದಂತೆ ಒಳಗೆ ಸುರುಳಿ ಪಟ್ಟಿ ಇರುತ್ತದೆ. ಅದು ತುಂಡಾದರೆ ಸಾಮಾನ್ಯವಾಗಿ ಹಾರ್ನೂ ನಿಲ್ಲುತ್ತದೆ, ಏರ್‌ಬ್ಯಾಗ್ ದೀಪವೂ ಬರುತ್ತದೆ. ನಿನಗೆ ಎರಡೂ ಇಲ್ಲ, ಕ್ರೂಸ್ ದೀಪವೂ ಬರುತ್ತಿದೆ. ಸೆಟ್ ಗುಂಡಿಯೊಂದೇ ಒಳಗೆ ಸವೆದಿರಬಹುದು, ಅದನ್ನು ಕೊನೆಗೆ ನೋಡೋಣ. ಆಗಲೂ ಬ್ಯಾಟರಿಯ ನೆಗೆಟಿವ್ ಕಳಚಿ ಕೈಪಿಡಿ ಹೇಳುವಷ್ಟು ನಿಮಿಷ ಕಾಯದೆ ಯಾರೂ ಏರ್‌ಬ್ಯಾಗಿಗೆ ಕೈ ಹಾಕಬಾರದು. ಏರ್‌ಬ್ಯಾಗಿನ ವಯರಿಗೆ ಮಲ್ಟಿಮೀಟರ್ ಹಿಡಿಯಲೇಬಾರದು, ಮೀಟರಿನ ಸಣ್ಣ ವಿದ್ಯುತ್ತಿಗೂ ಅದು ಸಿಡಿಯಬಹುದು. ಎಬಿಎಸ್ ದೀಪದ ಬಗ್ಗೆ ನೀನು ಏನೂ ಹೇಳಿಲ್ಲ. ಅದು ಉರಿಯುತ್ತಿದ್ದರೆ ಚಕ್ರಗಳ ಹತ್ತಿರದ ಸೆನ್ಸರುಗಳಲ್ಲಿ ಮುರಕಲ್ಲಿನ ಕೆಂಪು ಕೆಸರು ಮೆತ್ತಿದೆಯೇ ನೋಡು, ನಮ್ಮ ತೋಟದ ರಸ್ತೆ ಹಾಗಿದೆ.

ಬಾಲಣ್ಣ, ಈಗ ನಿಮ್ಮ ಮಾತಿಗೆ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಕುವೈತ್‌ನಲ್ಲಿ ನೀವು ಓಡಿಸುತ್ತಿದ್ದ ಹಳೆಯ ದೊಡ್ಡ ಕಾರಿನ ಮಟ್ಟಿಗೆ ನೀವು ಹೇಳಿದ್ದು ಸರಿ. ಅದರಲ್ಲಿ ಇಂಜಿನ್ನಿನ ನಿರ್ವಾತದಿಂದ ಒಂದು ರಬ್ಬರ್ ಪೊರೆ ಒಳಕ್ಕೆ ಎಳೆಯಲ್ಪಟ್ಟು, ಅದಕ್ಕೆ ಕಟ್ಟಿದ ಕೇಬಲ್ ಥ್ರಾಟಲನ್ನು ಎಳೆಯುತ್ತಿತ್ತು. ಪೈಪ್ ಬಿರುಕು ಬಿಟ್ಟರೆ ಏರು ಬಂದಲ್ಲಿ ವೇಗ ಜಾರುತ್ತಿತ್ತು. ಅಂಥ ಕಾರುಗಳಲ್ಲೂ ಬ್ರೇಕ್ ಪೆಡಲಿನ ಹತ್ತಿರ ಸ್ವಿಚ್ಚಿನ ಜೊತೆಗೆ ಒಂದು ಗಾಳಿ ಬಿಡುವ ವಾಲ್ವ್ ಇರುತ್ತಿತ್ತು, ನೆನಪಿದೆಯೇ? ಸ್ವಿಚ್ ಕೈಕೊಟ್ಟರೂ ಕಾಲು ಬ್ರೇಕಿಗೆ ಹೋದ ಕೂಡಲೇ ವಾಲ್ವ್ ತೆರೆದು ಕ್ರೂಸ್ ಬಿಟ್ಟುಕೊಡುತ್ತಿತ್ತು. ಐದನೆಯ ವಯಸ್ಸಿನಲ್ಲೇ ದೃಷ್ಟಿ ಕಳೆದುಕೊಂಡ ರಾಲ್ಫ್ ಟೀಟರ್ ಎಂಬ ಅಮೆರಿಕದ ಇಂಜಿನಿಯರ್ ಕ್ರೂಸ್ ಸಾಧನಕ್ಕೆ 1950ರಲ್ಲಿ ಪೇಟೆಂಟ್ ಪಡೆದರು, 1958ರಲ್ಲಿ ಅದು ಕ್ರೈಸ್ಲರ್ ಇಂಪೀರಿಯಲ್ ಕಾರಿಗೆ ಬಂತು. ಬ್ರೇಕ್ ಮುಟ್ಟಿದರೆ ಕ್ರೂಸ್ ಬಿಡಬೇಕು ಎಂಬ ನಿಯಮ ಅಂದಿನಿಂದ ಇಂದಿನವರೆಗೆ ಬದಲಾಗಿಲ್ಲ.

ವಯರ್ ಜೋಡಿಸುವುದೆಂದರೆ ಆ ನಿಯಮವನ್ನೇ ಕತ್ತರಿಸಿ ಹಾಕಿದಂತೆ. ಒಂದು ಜೋಡಿಯನ್ನು ಮಾತ್ರ ವಂಚಿಸಿದರೆ ತಾಳೆ ತಪ್ಪಿ ಇಸಿಯು ಮತ್ತೆ ಒಪ್ಪುವುದಿಲ್ಲ. ಎರಡನ್ನೂ ವಂಚಿಸಿದರೆ ಕ್ರೂಸ್ ಬರಬಹುದು, ಆದರೆ ಬ್ರೇಕ್ ಒತ್ತಿದಾಗ ಬಿಡುವುದಿಲ್ಲ. ಶ್ರೀಹರಿ ನಿಲ್ಲಿಸಲು ನೋಡುತ್ತಾನೆ, ಇಂಜಿನ್ ಮುಂದಕ್ಕೆ ತಳ್ಳುತ್ತದೆ. ಹಿಂದಿನ ಬ್ರೇಕ್ ದೀಪವೂ ಹೊತ್ತದೆ ಹೋದೀತು. ಹೆದ್ದಾರಿಗೆ ಸರ್ವಿಸ್ ರಸ್ತೆಯಿಂದ ಸ್ಕೂಟರ್ ನುಗ್ಗುವುದನ್ನು, ಶಾಲೆಯ ಮಕ್ಕಳು ದಾಟುವುದನ್ನು ನಾವೆಲ್ಲರೂ ನೋಡಿದವರು. ದಯವಿಟ್ಟು, ಬಾಲಣ್ಣ, ಈ ಸಲಹೆಯನ್ನು ಇನ್ನು ಯಾರಿಗೂ ಕೊಡಬೇಡಿ. ಆ ಸ್ವಿಚ್ ಸಣ್ಣದೆಂದು ಹಗುರವಾಗಿ ನೋಡುವ ಹಾಗಿಲ್ಲ. ಬ್ರೇಕಿಗೆ ಜೋಡಿಸಿದ ಕ್ರೂಸ್ ಸ್ವಿಚ್ಚಿನಿಂದ ಎಣ್ಣೆ ಸೋರಿ, ನಿಲ್ಲಿಸಿಟ್ಟ ವಾಹನಗಳಿಗೂ ಬೆಂಕಿ ಹಿಡಿದು, ಫೋರ್ಡ್ ಕಂಪನಿ 1999ರಿಂದ 2009ರವರೆಗೆ ಅಮೆರಿಕದಲ್ಲಿ ಒಂದು ಕೋಟಿಗೂ ಹೆಚ್ಚು ವಾಹನಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಶ್ರೀಹರಿ, ನಿನ್ನ ಕಾರಿನ ಬ್ರೇಕ್ ದೀಪದ ಫ್ಯೂಸ್ ಸುಟ್ಟಿದ್ದರೆ ದೊಡ್ಡ ಫ್ಯೂಸ್ ಹಾಕಬೇಡ, ಯಾಕೆ ಸುಟ್ಟಿತು ಎಂದು ಹುಡುಕಬೇಕು.

ಸುಮತಿ ಅತ್ತಿಗೆ, ಕ್ರೂಸ್ ಬೇಡವೆಂದರೂ ಇದನ್ನು ಸರಿ ಮಾಡಿಸಲೇಬೇಕು. ಬ್ರೇಕ್ ಸ್ವಿಚ್ ಕೈಕೊಡಲು ಶುರುವಾಗಿದ್ದರೆ ಇಂದು ಕ್ರೂಸ್ ಹೋಗಿದೆ, ನಾಳೆ ಬ್ರೇಕ್ ದೀಪ ಹೋಗಬಹುದು. ಹಿಂದೆ ಬರುವ ಲಾರಿಯವನಿಗೆ ನಮ್ಮ ಹುಡುಗ ನಿಲ್ಲಿಸುತ್ತಿದ್ದಾನೆ ಎಂದು ಗೊತ್ತಾಗುವುದು ಆ ದೀಪದಿಂದ. ಮಳೆ ಬರುವಾಗ ಕ್ರೂಸ್ ಹಾಕಬಾರದು ಎನ್ನುವುದಾದರೆ ನಾನೂ ನಿಮ್ಮ ಪಕ್ಷ. ನೀರು ನಿಂತ ಕಡೆ ಚಕ್ರ ಜಾರಿದಾಗ ಕ್ರೂಸ್ ತಾನಾಗಿ ಇನ್ನಷ್ಟು ಥ್ರಾಟಲ್ ಕೊಟ್ಟೀತು.

ಸರಿಯಾದ ಮೇಲೆ ಪರೀಕ್ಷೆಗೆ ಹೆದ್ದಾರಿಯಲ್ಲಿ ಕುಂಬಳೆಯಿಂದ ತಲಪಾಡಿಯ ಕಡೆಗೆ ಬೆಳಗ್ಗೆ ಬೇಗ ಹೋಗೋಣ, ಒಣ ರಸ್ತೆ ಇರುವ ದಿನ. 60ರಲ್ಲಿ ಸೆಟ್ ಮಾಡಿ ಬ್ರೇಕನ್ನು ಹಗುರವಾಗಿ ಮುಟ್ಟಬೇಕು, ಕ್ರೂಸ್ ಬಿಡಬೇಕು. ಮತ್ತೆ ಸೆಟ್ ಮಾಡಿ ಕ್ಲಚ್ ಒತ್ತಬೇಕು, ಆಗಲೂ ಬಿಡಬೇಕು. ಆಮೇಲೆ ಕ್ಯಾನ್ಸಲ್ ಗುಂಡಿ. ಮೂರರಲ್ಲಿ ಒಂದು ತಪ್ಪಿದರೂ ಕ್ರೂಸ್ ಮುಟ್ಟುವ ಹಾಗಿಲ್ಲ.

ಭಾನುವಾರ ನಾನು ನೀರ್ಚಾಲಿಗೆ ಬರುತ್ತೇನೆ, ಮಲ್ಟಿಮೀಟರ್ ತರುತ್ತೇನೆ. ನೀನು ಅಷ್ಟರೊಳಗೆ ಮ್ಯಾಟಿನ ಅಡಿಯ ಫೋಟೋ, ಪೆಡಲಿನ ಬುಡದ ಫೋಟೋ, ಸ್ಕ್ಯಾನರಿನ ಕೋಡ್ ಸಿಕ್ಕರೆ ಅದನ್ನೂ ಇಲ್ಲೇ ಗುಂಪಿಗೆ ಹಾಕು. ವರ್ಕ್‌ಶಾಪಿನವರು ಸಾಮಾನು ಆಗಲೇ ತರಿಸಿದ್ದೇವೆ ಎಂದರೆ ಅವರ ನಂಬರ್ ನನಗೆ ಕಳುಹಿಸು, ನಾನೇ ಮಾತನಾಡುತ್ತೇನೆ.